ಮೋಡೆಮ್‌ಗೆ ಕೊಟ್ಟ ಧ್ವನಿ

ಕೋಟದ ಕಡೆ ನನ್ನ ತವರುಮನೆಯ ಹೆಸರು ಹೇಳಿದರೆ ಈಗಲೂ ಕಂಡಕ್ಟರು ಸ್ಟಾಪ್ ಇಲ್ಲದಲ್ಲಿ ಬಸ್ಸು ನಿಲ್ಲಿಸುತ್ತಾರೆ. ನನ್ನ ಅಜ್ಜ ಊರಿನ ಗಡಿ ಜಗಳ, ಪಾಲಿನ ಜಗಳಗಳನ್ನೆಲ್ಲ ನಮ್ಮ ಜಗಲಿಯಲ್ಲಿ ಕೂತು ತೀರ್ಮಾನಿಸಿದವರು. ಒಮ್ಮೆಯೂ ಧ್ವನಿ ಏರಿಸಿದವರಲ್ಲ. ನನ್ನ ತಂದೆ ಹೆಡ್ಮಾಸ್ಟರು. ಅವರು ಬೈದದ್ದು ಬೈಗುಳವೆಂದು ಹುಡುಗರಿಗೆ ಮನೆಗೆ ಹೋಗಿ ಊಟ ಮಾಡುವಾಗ ಗೊತ್ತಾಗುತ್ತಿತ್ತು. ನನ್ನನ್ನು ಕುಂದಾಪುರದ ಕಾನ್ವೆಂಟಿಗೆ ಹಾಕಿದರು. ಮಾತು ಕೊನೆಯ ಬೆಂಚಿಗೆ ಮುಟ್ಟಬೇಕು, ರಸ್ತೆಗೆ ಮುಟ್ಟಬಾರದು ಎಂದು ಅಲ್ಲಿಯ ಸಿಸ್ಟರ್ ಕಲಿಸಿದರು. ಭಾಷಣದ ಬಹುಮಾನ ನಾಲ್ಕು ವರ್ಷ ನನಗೇ ಬಂತು.

ಇದನ್ನೆಲ್ಲ ಹೊಗಳಿಕೊಳ್ಳಲು ಬರೆಯುತ್ತಿಲ್ಲ. ಮುಂದೆ ಹೇಳುವುದೆಲ್ಲ ಯಾವ ಮನೆಯ ಹೆಂಗಸಿಗೆ ಆದದ್ದು ಎಂದು ತಿಳಿದಿರಲಿ. ನನ್ನ ಗಂಡ ನಿವೃತ್ತರಾಗಿ ದೂರದವರೊಡನೆ ಮಾತಾಡುವ ಹವ್ಯಾಸಿ ರೇಡಿಯೋ (ಹ್ಯಾಮ್) ಹಿಡಿದು ಕೂತ ದಿನದಿಂದ ಕುಂದಾಪುರದ ನಮ್ಮ ಮನೆಯಲ್ಲಿ ವಾರಕ್ಕೊಂದು ಇಂಥದ್ದು ನಡೆಯುತ್ತಲೇ ಇದೆ. ನಗುವವರು ನಗುತ್ತಾರೆ. ನನಗೆ ಸುಸ್ತಾಗಿದೆ.

ರುಬ್ಬುವ ಶಬ್ದ

ಇವರಿಗೊಬ್ಬ ಜೊತೆಗಾರರಿದ್ದಾರೆ. ಬೈಂದೂರಿನವರು, ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿ ನಿವೃತ್ತರಾದ ಮೇಷ್ಟ್ರು. ಇಬ್ಬರೂ ಸೇರಿ ಕಂಪ್ಯೂಟರಿನಲ್ಲಿ ಒಂದು ಮೋಡೆಮ್ ಬರೆಯುತ್ತಿದ್ದಾರೆ. ನಾವು ಆಡಿದ ಮಾತನ್ನು ಅದು ಅಂಕಿಗಳಾಗಿ ಮಾಡುತ್ತದೆ, ಅಂಕಿಗಳನ್ನು ಒಂದು ವಿಕಾರ ಶಬ್ದವಾಗಿ ಮಾಡುತ್ತದೆ, ಆ ಶಬ್ದ ರೇಡಿಯೋದಲ್ಲಿ ಹೋಗುತ್ತದೆ. ಆಚೆ ಕಡೆಯ ಕಂಪ್ಯೂಟರ್ ಅದನ್ನು ಮತ್ತೆ ಮಾತಾಗಿ ಮಾಡಬೇಕು. ಮೊದಲು ಇದಕ್ಕೆ ಬೇರೆಯೇ ಪೆಟ್ಟಿಗೆ ಬೇಕಿತ್ತಂತೆ. ಈಗ ಪ್ರೋಗ್ರಾಮ್ ಸಾಕಂತೆ. ಪೆಟ್ಟಿಗೆಯಾಗಿದ್ದರೆ ಅಟ್ಟಕ್ಕೆ ಹಾಕಬಹುದಿತ್ತು.

ಆ ವಿಕಾರ ಶಬ್ದ ಒಂದು ದಿನ ಬೆಳಗಿನಿಂದ ಮಧ್ಯಾಹ್ನದವರೆಗೆ ಬಿಡದೆ ಕೇಳಿತು. ಹನ್ನೆರಡಕ್ಕೆ ಪಕ್ಕದ ಮನೆಯಾಕೆ ಒಂದು ಪಾತ್ರೆಯಲ್ಲಿ ನೆನೆಸಿದ ಅಕ್ಕಿ, ಉದ್ದು ಹಿಡಿದು ಬಂದರು.

"ಅಕ್ಕ, ನಮ್ ಗ್ರೈಂಡರ್ ಹಾಳಾಯ್ತ್. ನಿಮ್ದ್ ಹೆಂಗೂ ತಿರುಗ್ತಾ ಇತ್ತಲೆ, ಇದನ್ನೂ ಒಂದ್ ಹಾಕಿ ಕೊಡ್ತ್ರ್ಯಾ?"

ಅದು ಗ್ರೈಂಡರ್ ಅಲ್ಲ, ನಮ್ಮವರು ಬೈಂದೂರಿಗೆ ಮಾತಾಡುತ್ತಿರುವುದು ಎಂದೆ. ಆಕೆ ಬಾಗಿಲಲ್ಲೇ ನಿಂತು ಆ ಶಬ್ದವನ್ನು ಸ್ವಲ್ಪ ಹೊತ್ತು ಕೇಳಿದರು. ಮುಖದಲ್ಲಿ ಕನಿಕರ ಕಾಣಿಸಿತು.

"ಡಾಕ್ಟ್ರಿಗ್ ತೋರ್ಸಿದ್ರ್ಯಾ?"

ಓದಿ ಕೊಟ್ಟದ್ದು

ಪ್ರತಿ ಬಾರಿ ಒಂದೇ ಮಾತನ್ನು ಕಳುಹಿಸಿದರೆ ಮಾತ್ರ ಮೋಡೆಮ್ ಸುಧಾರಿಸಿತೋ ಕೆಟ್ಟಿತೋ ತಿಳಿಯುತ್ತದೆಯಂತೆ. ಅದಕ್ಕೊಂದು ಧ್ವನಿ ಬೇಕಾಯಿತು. "ಅಕ್ಕನಷ್ಟ್ ಸ್ಪಷ್ಟ ಉಚ್ಚಾರ ಈ ತಾಲೂಕಲ್ಲೇ ಇಲ್ಲೆ" ಎಂದು ಮೇಷ್ಟ್ರು ಹೇಳಿದರು. ಅದು ನಿಜವಾದ್ದರಿಂದ ಒಪ್ಪಿದೆ.

ಎರಡು ಷರತ್ತು ಹಾಕಿದೆ. ನಾನು ಓದಿ ಕೊಟ್ಟದ್ದನ್ನು ಮಾತ್ರ ಬಳಸಬೇಕು. ನನ್ನ ಧ್ವನಿ ನಿಮ್ಮಿಬ್ಬರನ್ನು ಬಿಟ್ಟು ಮೂರನೆಯವರ ಕಿವಿಗೆ ಬೀಳಬಾರದು. ನಮ್ಮ ಮನೆತನದ ಹೆಂಗಸಿನ ಧ್ವನಿ ಗಾಳಿಯಲ್ಲಿ ಯಾರ ಯಾರ ಮನೆಗೋ ಹೋಗುವುದು ನನಗೆ ಬೇಡ. ಇಬ್ಬರೂ ಮಾತು ಕೊಟ್ಟರು. ಇವರು ದೇವರ ಕೋಣೆಯ ಕಡೆ ತಿರುಗಿಯೇ ಕೊಟ್ಟರು.

ಇಸ್ತ್ರಿ ಮಾಡಿದ ಸೀರೆ ಉಟ್ಟು ಒಂದು ಸ್ವಾಗತ ಭಾಷಣ ಓದಿದೆ. "ಕಾಣುವುದಿಲ್ಲವಲ್ಲ, ಸೀರೆ ಯಾಕೆ?" ಎಂದು ಇವರು ಕೇಳಿದರು. ಧ್ವನಿಯಲ್ಲಿ ಗೊತ್ತಾಗುತ್ತದೆ ಎಂದೆ.

ಇವರು ಅದನ್ನು ಕಳುಹಿಸಿದರು. ಹತ್ತು ನಿಮಿಷದ ಮೇಲೆ ಬೈಂದೂರಿನಿಂದ ಫೋನು ಬಂತು.

"ಅಕ್ಕ, ಬಂತ್! ಒಂದಕ್ಷರ ಬಿಡದೆ ಪೂರಾ ಬಂತ್!"

"ಧ್ವನಿ ಹೇಗಿತ್ತು?"

"ಗಂಡಸ್ರ್ ಧ್ವನಿ ಆಯ್ತ್. ಆದ್ರೆ ಒಳ್ಳೆ ಗಂಡಸ್ರ್ ಕಾಣಿ, ಮರ್ಯಾದಿ ಇಪ್ಪವ್ರ್."

ನನ್ನ ಗಂಡ ಪುಸ್ತಕದಲ್ಲಿ 'ಯಶಸ್ವಿ' ಎಂದು ಬರೆದುಕೊಂಡರು.

ಗದ್ದಲವೇ ಇಲ್ಲ

ರೇಡಿಯೋದಲ್ಲಿ ಮಾತಾಡಿದ್ದು ಮುಟ್ಟಿತೋ ಇಲ್ಲವೋ ಎಂದು ತಿಳಿಯಲು ಈ ಇಬ್ಬರೂ ಪಕ್ಕದಲ್ಲಿ ಮೊಬೈಲ್ ಫೋನು ಸ್ಪೀಕರಿಗೆ ಹಾಕಿ ಇಟ್ಟುಕೊಂಡಿರುತ್ತಾರೆ. "ಈಗ ಕಳಿಸ್ತೆ, ಕಾಣಿ" ಎಂದು ಫೋನಿನಲ್ಲಿ ಹೇಳುವುದು, ರೇಡಿಯೋದಲ್ಲಿ ಕಳುಹಿಸುವುದು, "ಬಂತಾ?" ಎಂದು ಪುನಃ ಫೋನಿನಲ್ಲಿ ಕೇಳುವುದು. ಫೋನಿನಲ್ಲೇ ಮಾತಾಡಿ ಮುಗಿಸಬಹುದಲ್ಲ ಎಂದು ನಾನು ಒಮ್ಮೆ ಕೇಳಿದ್ದೆ. ಆವತ್ತು ಇಡೀ ದಿನ ಇವರು ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ.

ಒಂದು ಬೆಳಿಗ್ಗೆ ಕೋಣೆಯಿಂದ ಕೂಗಾಟ ಕೇಳಿ ಹೋದೆ. ಇವರು ಕುರ್ಚಿಯಿಂದ ಎದ್ದು ನಿಂತಿದ್ದರು. ಕಣ್ಣಲ್ಲಿ ನೀರಿತ್ತು.

"ಕೇಳು, ಕೇಳು! ಬೈಂದೂರಿನಿಂದ! ಎದುರು ಕೂತು ಮಾತಾಡಿದ ಹಾಗಿದೆ! ಸ್ವಲ್ಪವೂ ಗದ್ದಲವಿಲ್ಲ!"

ಮೇಷ್ಟ್ರ ಧ್ವನಿ ಸ್ಪಷ್ಟವಾಗಿಯೇ ಕೇಳುತ್ತಿತ್ತು. ಆರು ತಿಂಗಳ ಕೆಲಸ ಕೈಗೂಡಿತು ಎಂದು ಅವರೂ ಕೂಗುತ್ತಿದ್ದರು. ನಾನು ರೇಡಿಯೋದ ಹಿಂದೆ ನೋಡಿದೆ. ಅಂಟೆನಾದ ಕೇಬಲ್ಲನ್ನು ನಾನೇ ಬೆಳಿಗ್ಗೆ ಗುಡಿಸುವಾಗ ಕಳಚಿ ಮೂಲೆಯಲ್ಲಿ ಸುತ್ತಿ ಇಟ್ಟಿದ್ದೆ. ಅದು ಅಲ್ಲೇ ಇತ್ತು. ಕೇಬಲ್ಲೇ ಹಾಕಿಲ್ಲವಲ್ಲ ಎಂದು ತೋರಿಸಿದೆ.

ಇವರು ಕುರ್ಚಿಯಲ್ಲಿ ಕೂತರು. ಮೇಷ್ಟ್ರ ಧ್ವನಿ ಮತ್ತೆ ಬಂತು.

"ಹಂಗಾರೆ ಅಕ್ಕ, ನಾ ಇಷ್ಟೊತ್ತ್ ಮಾತಾಡ್ದ್ ಯಾವ್ದ್ರಗೆ?"

"ಫೋನಿನಲ್ಲಿ."

ಗುಡ್ಡದ ಮೇಲಿನ ಮೀನು

ಕೊಲ್ಲೂರಿಗೆ ಹೋಗಿ ಬರೋಣ ಎಂದು ಇವರೇ ಹೇಳಿದಾಗಲೇ ನಾನು ಅನುಮಾನ ಪಡಬೇಕಿತ್ತು. ಕಾರು ಬೈಂದೂರು ದಾಟಿ ಒತ್ತಿನೆಣೆ ಗುಡ್ಡ ಹತ್ತಿತು. ಡಿಕ್ಕಿಯಿಂದ ರೇಡಿಯೋ, ಲ್ಯಾಪ್‌ಟಾಪ್, ಬ್ಯಾಟರಿ ಹೊರಗೆ ಬಂದವು. ಕೊನೆಗೆ ಮೀನಿನ ಗಾಳದ ಒಂದು ಉದ್ದದ ಕೋಲು. ಅದರ ತುದಿಗೆ ತಂತಿ ಕಟ್ಟಿ ಮೇಲೆತ್ತಿದರೆ ಒಳ್ಳೆಯ ಅಂಟೆನಾ ಆಗುತ್ತದಂತೆ. ಮೇಷ್ಟ್ರು ಕೆಳಗೆ ಊರಿನಲ್ಲಿ ತಮ್ಮ ಮನೆಯಲ್ಲಿ ಕಾಯುತ್ತಿದ್ದರು. ಗುಡ್ಡದ ಮೇಲೆ ಫೋನಿಗೆ ಸಿಗ್ನಲ್ ಇರಲಿಲ್ಲ. ಪರೀಕ್ಷೆಗೆ ಅದೇ ಒಳ್ಳೆಯದು ಎಂದರು ಇವರು.

ಮೀನಿನ ಕೆಲಸದವರೊಬ್ಬರು ಬೈಕ್ ನಿಲ್ಲಿಸಿ ನೋಡಿದರು.

"ಹ್ವಾಯ್, ಸಮುದ್ರ ಕೆಳಗಿತ್ತ್. ಗುಡ್ಡಿ ಮೇಲೆ ಎಂತ ಮೀನ್ ಹಿಡಿತ್ರಿ?"

ಕೇಳುವವರು ಸಿಕ್ಕರೆ ಇವರಿಗೆ ಅಷ್ಟೇ ಸಾಕು. ಮೋಡೆಮ್ ಎಂದರೇನು ಎಂಬಲ್ಲಿಂದ ಶುರು ಮಾಡಿ ಕೆಳಗೆ ಮೇಷ್ಟ್ರ ಮನೆ ಎಲ್ಲಿ ಎಂಬಲ್ಲಿಯವರೆಗೆ ಅರ್ಧ ಗಂಟೆ ವಿವರಿಸಿದರು. ಆತ ತಾಳ್ಮೆಯಿಂದ ಎಲ್ಲ ಕೇಳಿದರು.

"ಈಗ ಮೇಷ್ಟ್ರಿಗ್ ಎಂತ ಹೇಳ್ಕ್ ನಿಮ್ಗೆ?"

"ಒಂದು, ಎರಡು, ಮೂರು, ನಾಲ್ಕು ಅಂತ. ಪರೀಕ್ಷೆಗೆ."

"ಅಷ್ಟೇಯಾ?" ಎಂದು ಆತ ಬೈಕ್ ಹತ್ತಿ ಹೋದರು.

ಎರಡು ಗಂಟೆ ಬಿಸಿಲಲ್ಲಿ ನಿಂತು ಕಳುಹಿಸಿದ್ದಾಯಿತು. ಕೊಲ್ಲೂರಿನ ಮಧ್ಯಾಹ್ನದ ಪೂಜೆ ನಮ್ಮನ್ನು ಬಿಟ್ಟೇ ಆಯಿತು. ಗುಡ್ಡ ಇಳಿದು ಮೇಷ್ಟ್ರ ಮನೆಗೆ ಹೋದಾಗ ಇವರು ಚಪ್ಪಲಿ ಬಿಡುವ ಮೊದಲೇ "ಬಂತಾ?" ಎಂದು ಕೇಳಿದರು.

"ರೇಡಿಯೋದಲ್ಲ್ ಎಂತದೂ ಬರ್ಲಿಲ್ಲೆ ಮಾರ್ರೆ. ಆದ್ರೆ ಬೈಕಲ್ಲ್ ಒಬ್ರ್ ಬಂದ್, ಅಂಗಳದಲ್ಲ್ ನಿಂತ್, 'ಒಂದು ಎರಡು ಮೂರು ನಾಲ್ಕು' ಅಂದ್ ಹೇಳಿ ಹೋದ್ರ್. ಒಂದೂ ತಪ್ಪಿಲ್ಲೆ."

ಬ್ರಹ್ಮಾವರದ ಸಭೆ

ಕಳೆದ ತಿಂಗಳು ಬ್ರಹ್ಮಾವರದ ಒಂದು ಸಭಾಭವನದಲ್ಲಿ ರೇಡಿಯೋ ಹವ್ಯಾಸಿಗಳು ಸೇರಿದ್ದರು. ಮೋಡೆಮ್ ಕೊನೆಗೂ ಸರಿಯಾಗಿದೆ, ಎಲ್ಲರೆದುರು ತೋರಿಸುತ್ತೇವೆ, ನೀನು ಬರಲೇಬೇಕು ಎಂದು ಇವರು ಕರೆದರು. ಒಳ್ಳೆಯ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತೆ. ನಲವತ್ತು ಜನ ಇದ್ದರು. ಎಲ್ಲರೂ ನನ್ನ ಕಡೆ ನೋಡಿ ಕೈಮುಗಿಯುತ್ತಿದ್ದರು. ಮನೆತನದ ಗೌರವ ಎಂದುಕೊಂಡೆ.

ಮೇಷ್ಟ್ರು ವೇದಿಕೆಗೆ ಹೋದರು. "ಮೊದ್ಲ್ ಗದ್ದಲ ಕೇಳಿ, ಮತ್ತೆ ಅದ್ರೊಳಗಿಂದ ಮೋಡೆಮ್ ಹೆರ್ಗ್ ತೆಗ್ದ ಮಾತ್ ಕೇಳಿ" ಎಂದರು. ಗದ್ದಲ ಕೇಳಿತು. ಅನಂತರ ನನ್ನ ಧ್ವನಿ ಕೇಳಿತು. ಸ್ವಾಗತ ಭಾಷಣವಲ್ಲ.

"ಹ್ವಾಯ್! ಕಣ್ಣ್ ಎಲ್ಲಿತ್ತ್ ನಿಮ್ದ್? ಮೇಲಿನ ತಂತಿ ಕಾಂತತ್ತ್, ಕಾಲಡಿ ಹಪ್ಪಳ ಕಾಂತಿಲ್ಯಾ? ಒಂದ್ ಚಾಪೆ ಹಪ್ಪಳ ಪೂರಾ ಮೆಟ್ಟಿ ಹಾಕಿದ್ರಿ! ಇದನ್ನೀಗ ಯಾರ್ ತಿಂಬುದ್? ಹುರ್ದ್ ನಿಮ್ ಬೈಂದೂರ್ ಮೇಷ್ಟ್ರಿಗೇ ಬಡಿಸ್ತೆ ಕಾಣಿ!"

ಅದು ಬೇಸಿಗೆಯಲ್ಲಿ ನಡೆದದ್ದು. ಟೆರೇಸಿನಲ್ಲಿ ಹಲಸಿನ ಹಪ್ಪಳ ಒಣಗಲು ಹಾಕಿದ್ದೆ. ಇವರು ಅಂಟೆನಾದ ತಂತಿ ನೋಡುತ್ತ ಚಪ್ಪಲಿಗಾಲಲ್ಲಿ ಅದರ ಮೇಲೆ ನಡೆದುಬಿಟ್ಟರು. ನಾನು ಹೇಳಬೇಕಾದ್ದನ್ನು ಹೇಳಿದೆ. ಪರೀಕ್ಷೆಗೆಂದು ಇವರು ಟೆರೇಸಿಗೆ ತಂದಿಟ್ಟ ಮೈಕು ಪಕ್ಕದಲ್ಲೇ ತೆರೆದಿತ್ತೆಂದು ನನಗೆ ಯಾರೂ ಹೇಳಿರಲಿಲ್ಲ.

ನಲವತ್ತು ಜನರಲ್ಲಿ ಒಬ್ಬರೂ ನಗಲಿಲ್ಲ. ನಕ್ಕಿದ್ದರೆ ಎದ್ದು ಹೋಗಬಹುದಿತ್ತು. ಎಲ್ಲರೂ ಗಂಭೀರವಾಗಿ ಬರೆದುಕೊಳ್ಳುತ್ತಿದ್ದರು. ಒಬ್ಬರು ಕೈ ಎತ್ತಿ, "'ಚಾಪೆ' ಅಂಬಲ್ಲಿ ಧ್ವನಿ ಸಣ್ಣಕ್ ಕಡ್ದ್ ಹೋಯ್ತ್. ಇನ್ನೊಂದ್ಸಲ ಹಾಕಿ" ಎಂದರು. ಹಾಕಿದರು. ಒಟ್ಟು ಹನ್ನೊಂದು ಸಲ ಹಾಕಿದರು.

ಸ್ವಾಗತ ಭಾಷಣ ಏನಾಯಿತು ಎಂದು ಎದ್ದು ನಿಂತು ಕೇಳಿದೆ. ಮೇಷ್ಟ್ರು ವೇದಿಕೆಯಿಂದಲೇ ಪಾಠ ಹೇಳಿದಂತೆ ಉತ್ತರ ಕೊಟ್ಟರು. "ಅದ್ ಒಂದೇ ಸಮ ಇತ್ತ್ ಅಕ್ಕ. ಇದ್ರಗೆ ಏರ್, ಇಳ್ಕೆ, ವೇಗ ಎಲ್ಲ ಇತ್ತ್. ಇದ್ ದಾಟ್ರೆ ಯಾವ್ದೂ ದಾಟತ್ತ್. ಈಗ ಎಲ್ಲರೂ ಪರೀಕ್ಷೆಗೆ ಇದನ್ನೇ ಹಾಕುದ್."

"ಎಲ್ಲರೂ ಅಂದರೆ?"

ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದು ಬಂದು ಕೈಮುಗಿದರು. "ಅಮ್ಮ, ಶಿವಮೊಗ್ಗದಿಂದ ಬಂದಿದೀನಿ. ಮೂರು ತಿಂಗಳಿಂದ ದಿನಾ ಬೆಳಿಗ್ಗೆ ನಿಮ್ಮನ್ನ ಕೇಳ್ತೀವಿ. ಮನೇಲಿ ನಮ್ಮೋಳಿಗೂ ಬಾಯಿಪಾಠ ಆಗಿದೆ. ಒಂದೇ ಒಂದು ಸಂಶಯ. ಆ ಹಪ್ಪಳ ಮೇಷ್ಟ್ರಿಗೆ ಬಡಿಸಿದ್ರಾ?"

ಅಲ್ಲಿಯವರೆಗೆ ಯಾರಿಗೂ ಆ ಪ್ರಶ್ನೆ ಹೊಳೆದಿರಲಿಲ್ಲ, ಮೇಷ್ಟ್ರಿಗೂ ಹೊಳೆದಿರಲಿಲ್ಲ. ಅವರು ಮೈಕನ್ನು ಕೈಯಲ್ಲಿ ಹಿಡಿದೇ ಮೆಲ್ಲನೆ ಕೇಳಿದ್ದು ಸಭೆಗೆಲ್ಲ ಕೇಳಿಸಿತು.

"ಅಕ್ಕ... ಮರುದಿನ ನಾ ಊಟಕ್ಕ್ ಬಂದಿದ್ದೆ ಅಲ್ದಾ? ನಾಲ್ಕ್ ಹಪ್ಪಳ ಹಾಕಿದ್ರಿ. ಲಾಯ್ಕಿತ್ತ್ ಅಂದ್ ಇನ್ನೆರಡ್ ಕೇಂಡಿದ್ದೆ..."

ನಾನು ಸೆರಗು ಸರಿಮಾಡಿಕೊಂಡು ಹೊರಗೆ ಬಂದೆ. ಆಮೇಲೆ ಬೈಂದೂರಿನಿಂದ ಒಂಬತ್ತು ಸಲ ಫೋನು ಬಂದಿದೆ. ಒಂಬತ್ತು ಸಲವೂ ಹಪ್ಪಳದ ವಿಷಯ ಕೇಳಿದರು, ಕೊಟ್ಟ ಮಾತಿನ ವಿಷಯ ಎತ್ತಲಿಲ್ಲ. ನನ್ನ ಗಂಡ ಎರಡನ್ನೂ ಎತ್ತುತ್ತಿಲ್ಲ.

ಇಬ್ಬರೂ ನಮ್ಮ ಮನೆಗೆ ಬಂದು, ನನ್ನೆದುರು ನಿಂತು, ಫೋನಿನಲ್ಲಲ್ಲ, ರೇಡಿಯೋದಲ್ಲಲ್ಲ, ಬಾಯಲ್ಲಿ ನನ್ನ ಕ್ಷಮೆ ಕೇಳಬೇಕು.