ಸುಕ್ಕಿಲ್ಲದ ಮೆಣಸಿನಕಾಯಿ

ಬೇರೆಯವರ ವಸ್ತುವಿಗೆ ಅಂಕ ಕೊಡುವ ಅಧಿಕಾರ ಸಿಕ್ಕರೆ ನನಗೆ ಊಟ ನಿದ್ದೆ ಬೇಡ. ಹಾವೇರಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾಗಿ ಉತ್ತರಪತ್ರಿಕೆ ತಿದ್ದಿ ತಿದ್ದಿ ಬಂದ ಚಟವಿದು. ಬಂಧುಗಳು ಮೊಬೈಲ್ ಕೊಳ್ಳುವಾಗ ನನ್ನನ್ನು ಕೇಳುತ್ತಾರೆ. ಕೇಳದೆ ಕೊಂಡವರ ಮನೆಗೆ ನಾನೇ ಹೋಗಿ ಅದರ ದೋಷಗಳನ್ನು ಹೇಳಿ, ಚಹಾ ಕುಡಿದು ಬರುತ್ತೇನೆ. ಹೀಗಿರುವಾಗ ಮೋಟೆಬೆನ್ನೂರಿನಲ್ಲಿ ಮೆಣಸಿನಕಾಯಿ ಬೆಳೆದು ಮಾರುವ ನನ್ನ ಅಕ್ಕ ಶಾಂತಕ್ಕ, "ತಮ್ಮಾ, ಮೆಣಸಿನಕಾಯಿ ಫೋಟೋ ಕಳಸಾಕ ಒಂದು ಛಲೋ ಫೋನ್ ನೋಡಪಾ" ಎಂದಳು. ಸುಮ್ಮನೆ ಒಂದು ಹೆಸರು ಹೇಳಿ ಕೈ ತೊಳೆದುಕೊಳ್ಳುವ ಜಾಯಮಾನ ನನ್ನದಲ್ಲ. ಪರಿಚಯದ ಅಂಗಡಿಯಿಂದ ನೋಡಿ ಕೊಡುತ್ತೇನೆಂದು ಎರಡು ಫೋನ್ ತಂದು, ವಾರವಿಡೀ ಪರೀಕ್ಷಿಸಿಯೇ ತೀರುತ್ತೇನೆಂದು ಹಟ ಹಿಡಿದೆ.

ಬ್ಯಾಟರಿ ಪರೀಕ್ಷೆಗೆ ಎರಡರಲ್ಲೂ ಒಂದೇ ವಿಡಿಯೋ ಹಚ್ಚಿಕೊಂಡು ರಾಣೆಬೆನ್ನೂರಿಗೆ ಬಸ್ಸಿನಲ್ಲಿ ಹೋಗಿ ಬಂದೆ. ಪಕ್ಕದವರು, "ಒಂದರಾಗ ಕಾಣಂಗಿಲ್ಲೇನ್ರಿ?" ಎಂದು ಮರುಕದಿಂದ ಕೇಳಿದರು. ಗದ್ದಲದಲ್ಲಿ ಧ್ವನಿ ಕೇಳುವುದೋ ನೋಡಲು, ಮಿಕ್ಸರ್ ಹಚ್ಚಿ ಪಕ್ಕದಲ್ಲಿ ನಿಂತು ತವರಿಗೆ ಹೋಗಿದ್ದ ಹೆಂಡತಿಗೆ ಫೋನ್ ಮಾಡಿದೆ; ನಾನು ಅಡುಗೆಮನೆಯಲ್ಲಿದ್ದೇನೆಂಬ ಗಾಬರಿಯಲ್ಲಿ ಅವಳು ಧ್ವನಿಯ ವಿಚಾರ ಹೇಳಲೇ ಇಲ್ಲ. ಬೀಳಿಸುವ ಪರೀಕ್ಷೆಯನ್ನು ಅಂಗಡಿಯವನ ಮುಖ ನೆನೆದು ದಿಂಬಿನ ಮೇಲೆ ಮಾಡಿದೆ. ಎರಡೂ ಪಾಸಾದವು. ಉಳಿದದ್ದು ಕ್ಯಾಮೆರಾ. ಅಕ್ಕನ ಮೆಣಸಿನಕಾಯಿ ರಾಶಿಯನ್ನು ಒಂದು ಫೋನ್ ಇದ್ದಂತೆ ತೋರಿಸಿತು. ಇನ್ನೊಂದರಲ್ಲಿ ಕಾಯಿಗಳು ಎಣ್ಣೆಸ್ನಾನ ಮುಗಿಸಿ ಬಂದಂತೆ ನುಣ್ಣಗೆ ಹೊಳೆದವು. ಅದಕ್ಕೆ ನೂರಕ್ಕೆ ತೊಂಬತ್ತೆಂಟು ಕೊಟ್ಟು ಅಕ್ಕನ ಕೈಗಿಟ್ಟೆ.

ನಾಲ್ಕೇ ದಿನಕ್ಕೆ ಅಕ್ಕನ ಫೋನ್ ಬಂತು. "ಖಾಸೀಮಸಾಬರು ಇಷ್ಟು ವರ್ಷ ನನ್ನ ಚೀಲದ ಬಾಯಿ ಬಿಚ್ಚಿ ನೋಡಿದವರಲ್ಲ. ಇವತ್ತ ನಾ ಕಳಿಸಿದ ಫೋಟೋ ನೋಡಿ 'ಬೆರಕಿ ಮಾಲು ಐತೇನ್ರಿ ಅಕ್ಕಾರ' ಅಂತ ಕೇಳಿದ್ರು. ನನ್ನ ಮಾರಿ ಎಲ್ಲಿ ಇಟ್ಕೊಳ್ಳಲಿ?" ಖಾಸೀಮಸಾಬರು ರಾಣೆಬೆನ್ನೂರಿನ ವ್ಯಾಪಾರಿ, ಅವಳ ಮಾಲು ಕೊಳ್ಳುವವರು. ಆಗ ನನಗೆ ಹೊಳೆಯಿತು. ಅಕ್ಕ ಬೆಳೆಯುವ ಬ್ಯಾಡಗಿ ಕಾಯಿಯ ಗುರುತೇ ಮೈತುಂಬ ಸುಕ್ಕು; ನುಣ್ಣಗಿದ್ದರೆ ಅದು ಬೇರೆ ತಳಿ. ಚಂದ ಮಾಡುವ ಭರದಲ್ಲಿ ಫೋನ್ ಆ ಸುಕ್ಕನ್ನೆಲ್ಲ ಅಳಿಸಿ ನನ್ನ ಅಕ್ಕನನ್ನು ಮೋಸಗಾರ್ತಿ ಮಾಡಿತ್ತು. ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಅವಳ ಹೆಸರು ಉಳಿಸಿಯೇ ಮನೆಗೆ ಬರುವುದೆಂದು ನಿಶ್ಚಯಿಸಿ, ಮೆಣಸಿನಕಾಯಿ ಚೀಲ, ಎರಡು ಫೋನ್ ಮತ್ತು ಅಕ್ಕನ ಸಮೇತ ರಾಣೆಬೆನ್ನೂರಿಗೆ ಹೋದೆ. ಖಾಸೀಮಸಾಬರು ಒಂದು ಕಾಯಿ ಮುರಿದು, ಅಂಗೈಯಲ್ಲಿ ತಿಕ್ಕಿ, ಮೂಸಿ, ಜೋರಾಗಿ ಸೀನಿದರು. "ಮಾಲು ಖರೇ ಐತಿ, ಫೋನ್ ಸುಳ್ಳು ಹೇಳೇತಿ. ತಪ್ಪಾತ್ರಿ ಅಕ್ಕಾರ" ಎಂದರು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಕೊಟ್ಟ ಅಂಕವನ್ನು ಅಕ್ಕನಿಂದ ಕೇಳಿದ್ದ ಅವರು ಅಷ್ಟಕ್ಕೆ ಬಿಡದೆ ನನ್ನತ್ತ ತಿರುಗಿ, "ಸರ್, ನೀವು ಹುಟ್ಟಿದ್ದು ಇದ ಸೀಮ್ಯಾಗ. ಸುಕ್ಕಿಲ್ಲದ ಕಾಯಿ ನೋಡಿ ತೊಂಬತ್ತೆಂಟು ಹೆಂಗ ಕೊಟ್ರಿ?" ಎಂದರು.

ಬೆಳಕು, ಬಣ್ಣ ಎಂದು ಏನೋ ಗೊಣಗಿದೆ. ನಿಮ್ಮ ಮುಂದೆ ಮುಚ್ಚಿಡುವುದೇನು? ಎರಡೂ ಫೋನಿನಲ್ಲಿ ನಾನು ಮೊದಲು ತೆಗೆದದ್ದು ಮೆಣಸಿನಕಾಯಿಯ ಫೋಟೋ ಅಲ್ಲ, ನನ್ನದೇ. ಒಂದರಲ್ಲಿ ಐವತ್ತಾರು ವರ್ಷದ ಮಾಸ್ತರನಿದ್ದ. ಇನ್ನೊಂದರಲ್ಲಿ ಮದುವೆಯ ದಿನದ ವರ. ಅಂಕ ಬಿದ್ದದ್ದು ಅಲ್ಲೇ. ಸುಕ್ಕು ತೋರಿಸುವ ಫೋನನ್ನು ಅಕ್ಕನಿಗೆ ಕೊಟ್ಟು ಬಂದೆ. ಇನ್ನೊಂದನ್ನು ಅಂಗಡಿಯವನು ದಿನಾ ವಾಪಸ್ ಕೇಳುತ್ತಿದ್ದಾನೆ. ಪರೀಕ್ಷೆ ಇನ್ನೂ ಮುಗಿದಿಲ್ಲ ಎಂದು ಹೇಳುತ್ತಿದ್ದೇನೆ.