ಮೂವತ್ತಡಿ ಅಂಚಿನ ವಿಶ್ವದಾಖಲೆ

ಒಂದಾದರೂ ವಿಶ್ವದಾಖಲೆ ಮಾಡದೆ ಕಣ್ಣು ಮುಚ್ಚುವುದಿಲ್ಲ ಎಂದು ನಮ್ಮ ಮೋಟಾರ್ ರಿಪೇರಿ ಮಿಸ್ತ್ರಿಗಳು ಬೆಳಗಿನ ಕಾಫಿಯ ಹೊತ್ತಿಗೆ ಘೋಷಿಸಿಬಿಟ್ಟರು! ಕೈಯಲ್ಲಿ ಪತ್ರಿಕೆಯ ಪುರವಣಿ. ಯಾವನೋ ಸೋಫಾಕ್ಕೆ ಎಂಜಿನ್ ಕಟ್ಟಿ ಗಂಟೆಗೆ ನೂರು ಕಿಲೋಮೀಟರ್ ದಾಟಿದ್ದನಂತೆ. ಇನ್ನೆಲ್ಲೋ ಹುಲ್ಲು ಕತ್ತರಿಸುವ ಯಂತ್ರವೊಂದು ಇನ್ನೂರನ್ನೂ ದಾಟಿತ್ತಂತೆ.

“ಸೋಫಾನೇ ಅಷ್ಟು ಓಡುತ್ತೆ ಅಂದ್ರೆ, ಇಪ್ಪತ್ತು ವರ್ಷದಿಂದ ಮೋಟಾರ್ ಜೊತೆ ಸಂಸಾರ ಮಾಡಿರೋ ನಾನು ಸುಮ್ನೆ ಕೂರ್ಬೇಕಾ?”

“ಮೋಟಾರ್ ಜೊತೆ ಮಾಡಿದ್ದು ಸಾಕು, ನನ್ನ ಜೊತೆ ಸ್ವಲ್ಪ ಸಂಸಾರ ಮಾಡಿ,” ಎಂದಳು ಹೆಂಡತಿ, ಹೊಲಿಗೆ ಮೆಷಿನ್ನಿನಿಂದ ತಲೆ ಎತ್ತದೆ. “ನಾನು ಅಂಗಡಿಗೆ ಹೋಗಿ ದಾರದ ಉಂಡೆ ತರಬೇಕು. ಬರೋ ತನಕ ಮೆಷಿನ್ ಮುಟ್ಟಬೇಡಿ. ಗೊತ್ತಲ್ಲ?”

ಗೊತ್ತಿಲ್ಲದೆ ಏನು! ಶಾಲೆಯ ರಂಗಮಂಚಕ್ಕೆ ಮೂವತ್ತಡಿ ಅಗಲದ ನೀಲಿ ಪರದೆ. ಹೆಂಡತಿ ಹದಿನೈದು ದಿನ ಬೆನ್ನು ಬಗ್ಗಿಸಿ ಹೊಲಿದಿದ್ದಳು. ಇದು ಒಪ್ಪಿಗೆಯಾದರೆ ಇಡೀ ಶಾಲೆಯ ಸಮವಸ್ತ್ರ ಹೊಲಿಯುವ ಕೆಲಸ ಅವಳದೇ ಎಂದು ಮುಖ್ಯೋಪಾಧ್ಯಾಯಿನಿ ಹೇಳಿದ್ದರು. ಉಳಿದದ್ದು ಕೆಳಗಿನ ಅಂಚು ಮಾತ್ರ. ಸಂಜೆ ನಾಲ್ಕೂವರೆಗೆ ಮಕ್ಕಳ ನಾಟಕ.

ಹನ್ನೆರಡರ ಹೊತ್ತಿಗೆ ಹೆಂಡತಿ ಗೇಟು ದಾಟಿದಳೋ ಇಲ್ಲವೋ, ಮಿಸ್ತ್ರಿಗಳ ತಲೆಯಲ್ಲಿ ದೀಪ ಹತ್ತಿಕೊಂಡಿತು. ಲೋಕದ ಅತಿ ವೇಗದ ಹೊಲಿಗೆ! ಮಿಕ್ಸಿಯ ಮೋಟಾರು ಕಳಚಿ ಹೊಲಿಗೆ ಮೆಷಿನ್ನಿಗೆ ಬಿಗಿದರು, ಡ್ರಾಯರಿನಲ್ಲಿ ಸಿಕ್ಕಿದ ದಾರ ಪೋಣಿಸಿದರು. ದಾಖಲೆಗೆ ಸಾಕ್ಷಿ ಬೇಕಲ್ಲ, ಅತ್ತೆಯವರನ್ನು ಕುರ್ಚಿ ಹಾಕಿ ಕೂರಿಸಿದರು.

“ಅಳಿಯಂದ್ರೆ, ಅವಳು ಮುಟ್ಟಬೇಡಿ ಅಂದಿದ್ಲು.”

“ನಾನೆಲ್ಲಿ ಮುಟ್ತೀನಿ ಅತ್ತೆ? ಮೋಟಾರ್ ಮುಟ್ಟುತ್ತೆ!”

ಆಮೇಲೆ ಮಹಾಯುದ್ಧಕ್ಕೆ ಹೊರಟವರಂತೆ ತಮ್ಮ ನೀಲಿ ಕೆಲಸದ ಕೋಟು ಬಿಚ್ಚಿದರು. ಅದರ ಬೆನ್ನ ಮೇಲೆ “ಕ್ಷಣದಲ್ಲಿ ರಿಪೇರಿ! ತಪ್ಪೇ ಇಲ್ಲ!” ಎಂದು ಹೆಂಡತಿಯೇ ಹಳದಿ ದಾರದಲ್ಲಿ ಕಸೂತಿ ಹಾಕಿಕೊಟ್ಟಿದ್ದಳು. ಸ್ಟಾಪ್‌ವಾಚಿನ ಗುಂಡಿ ಒತ್ತಿ ಕೋಟಿನ ಜೇಬಿಗೆ ಇಳಿಬಿಟ್ಟು, ಕೋಟನ್ನು ಪಕ್ಕಕ್ಕೆ ಎಸೆದು, ಸ್ವಿಚ್ ಹಾಕಿದರು. ಆಗ ಗಂಟೆ ಸರಿಯಾಗಿ ಹನ್ನೆರಡೂವರೆ.

ಅಬ್ಬಬ್ಬಾ! ಮನೆಯೇ ಗಡಗಡ ನಡುಗಿತು. ಪರದೆ ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆ ಹಾರಿ ಬಿತ್ತು. ನಡುವೆ ಒಮ್ಮೆ ಮೆಷಿನ್ನು “ಗುರ್ರ್” ಎಂದಿತು. ವಿಜಯದ ಘರ್ಜನೆ ಎಂದುಕೊಂಡು ಮಿಸ್ತ್ರಿಗಳು ಮುಂದುವರಿದರು.

“ಆಯ್ತು! ಅತ್ತೆ, ಸೈನ್ ಹಾಕಿ!”

“ಎಷ್ಟು ಹೊತ್ತಾಯ್ತು?”

“ಒಂದು ನಿಮಿಷಾನೂ ಇಲ್ಲ!”

“ಗಡಿಯಾರ ತೋರಿಸಿ.”

ಗಡಿಯಾರ ಕೋಟಿನಲ್ಲಿತ್ತು. ಕೋಟು ಮಾತ್ರ ಎಲ್ಲೂ ಇಲ್ಲ! ಮಂಚದ ಕೆಳಗೆ, ಬಾಗಿಲ ಹಿಂದೆ, ಕೊನೆಗೆ ಅಕ್ಕಿ ಡಬ್ಬಿಯಲ್ಲೂ ನೋಡಿದ್ದಾಯಿತು.

“ಗಡಿಯಾರ ನೋಡದೆ ಸೈನ್ ಹಾಕಲ್ಲಪ್ಪ,” ಎಂದು ಅತ್ತೆ ಕೈ ಕಟ್ಟಿ ಕೂತರು.

ಅಷ್ಟರಲ್ಲಿ ಶಾಲೆಯ ವ್ಯಾನು ಹಾರ್ನ್ ಹೊಡೆಯಿತು. ಪರದೆಯನ್ನೂ ಅದೇ ವೇಗದಲ್ಲಿ ಮುದ್ದೆ ಮಾಡಿ ಚೀಲಕ್ಕೆ ತುರುಕಿ ಕಳಿಸಿಬಿಟ್ಟರು. ದಾರ ಹಿಡಿದು ಬಂದ ಹೆಂಡತಿಗೆ ಕಂಡದ್ದು ಬರಿದಾದ ಮೇಜು, ಮೆಷಿನ್ನಿಗೆ ಬಿಗಿದ ಮಿಕ್ಸಿ ಮೋಟಾರು.

“ನೀವೇ ಹೊಲಿದ್ರಾ?” ಅವಳು ದಾರದ ಉಂಡೆಯನ್ನು ಮೇಜಿನ ಮೇಲಿಟ್ಟಳು. “ರೀ, ನನ್ನ ಹದಿನೈದು ದಿನದ ಕೆಲಸ ಅದು.”

“ವಿಶ್ವಮಟ್ಟದ ಹೊಲಿಗೆ ಕಣೇ! ಸಂಜೆ ನೋಡು!”

ಸಂಜೆ ನೋಡಿದಳು. ಸಭಾಂಗಣ ಕಿಕ್ಕಿರಿದಿತ್ತು. ಗಂಟೆ ಬಾರಿಸಿ ಹಗ್ಗ ಎಳೆದರು. ಪರದೆ ಗಂಭೀರವಾಗಿ ಮೇಲೇರಿತು. ಅದರ ಅಂಚಿಗೆ ಒಂದೇ ತೋಳಿನಿಂದ ಜೋತುಬಿದ್ದು, ಎಲ್ಲರಿಗೂ ಬೆನ್ನು ತೋರಿಸುತ್ತಾ, ಅಷ್ಟು ಹೊತ್ತು ನೆಲದ ಮೇಲಿನ ಮಡಿಕೆಯಲ್ಲಿ ಅಡಗಿದ್ದ ನೀಲಿ ಕೋಟೊಂದೂ ಮೇಲೇರಿತು! “ಕ್ಷಣದಲ್ಲಿ ರಿಪೇರಿ! ತಪ್ಪೇ ಇಲ್ಲ!”

ಮುಂದಿನ ಸಾಲಿನ ಮಕ್ಕಳು ಒಕ್ಕೊರಲಿನಿಂದ ಅದನ್ನು ಓದಿದರು. ಸಭೆ ಬಿದ್ದು ಬಿದ್ದು ನಕ್ಕಿತು. ಇಬ್ಬರು ಮೇಷ್ಟ್ರುಗಳು ಕೋಟು ಹಿಡಿದು ಜಗ್ಗಿದರು, ಜೋತಾಡಿದರು. ಕೋಟು ಕದಲಲಿಲ್ಲ. ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಗುತ್ತಿದ್ದಾಳೆಂದು ಮಿಸ್ತ್ರಿಗಳು ಬಗ್ಗಿ ನೋಡಿದರೆ, ಅಳುತ್ತಿದ್ದಳು. ಆಗ ಮಾತ್ರ ಅವರಿಗೆ ನಿಜವಾಗಿ ನಾಚಿಕೆಯಾಯಿತು. ಎದ್ದವರೇ ವೇದಿಕೆ ಹತ್ತಿ ಮುಖ್ಯೋಪಾಧ್ಯಾಯಿನಿಗೆ ಕೈಮುಗಿದರು.

“ಮೇಡಂ, ತಪ್ಪು ನಂದು. ಅಂಚು ಹೊಲಿದವನು ನಾನು. ಮಿಕ್ಕಿದ್ದೆಲ್ಲ ಅವಳದು. ಅವಳ ಕೆಲಸ ಕಿತ್ಕೋಬೇಡಿ.”

ಮೇಡಂ ಕನ್ನಡಕ ಸರಿಮಾಡಿಕೊಂಡು ಪರದೆಯನ್ನು ಮೇಲಿಂದ ಕೆಳಗೆ ನೋಡಿದರು. “ಮೇಲಿನ ಹೊಲಿಗೆ ಬಹಳ ಚೆನ್ನಾಗಿದೆ. ಇಬ್ಬರು ಜೋತಾಡಿದ್ರೂ ಒಂದು ಎಳೆ ಬಿಟ್ಟಿಲ್ಲ! ಸಮವಸ್ತ್ರ ಅವರೇ ಹೊಲೀಲಿ. ನೀವು ಮಾತ್ರ ಮೆಷಿನ್ ಇರೋ ಕೋಣೆಗೆ ಕಾಲಿಡಕೂಡದು.”

ಕತ್ತರಿ ತಂದು ಕೋಟು ಬಿಡಿಸಿದ್ದು ಹೆಂಡತಿಯೇ. ಕಣ್ಣೊರೆಸಿಕೊಂಡು ಜೇಬಿಗೆ ಕೈ ಹಾಕಿದಳು. ಸ್ಟಾಪ್‌ವಾಚು ಇನ್ನೂ ಓಡುತ್ತಲೇ ಇತ್ತು! ಗುಂಡಿ ಒತ್ತಿ ನಿಲ್ಲಿಸಿ, ನಾಟಕ ನೋಡಲು ಜೊತೆಗೆ ಬಂದಿದ್ದ ತಾಯಿಗೆ ತೋರಿಸಿದಳು. ನಾಲ್ಕು ಗಂಟೆ ಹನ್ನೊಂದು ನಿಮಿಷ.

ಅತ್ತೆ ಚೀಲದಿಂದ ಪೆನ್ನು ತೆಗೆದರು.

“ಎಲ್ಲಿ ಅಳಿಯಂದ್ರೆ, ಕಾಗದ ಕೊಡಿ. ಈಗ ಹಾಕ್ತೀನಿ ಸೈನ್!”