ಒಂದು ಕಿಟಕಿ ಮುಚ್ಚಿಸಿಕೊಡುವ ಕುರಿತು

‘ಕಿಟಕಿಗಳ ಮನೆ’ ಎಂಬ ಚಲನಚಿತ್ರದ ಕಥೆ, ಚಿತ್ರಕಥೆ, ನಿರ್ದೇಶನ ಹಾಗೂ ನಮ್ಮೂರಿನ ಸದ್ಯದ ಸ್ಥಿತಿ ಇವಿಷ್ಟಕ್ಕೂ ಕಾರಣಕರ್ತರಾದ ಶ್ರೀ ವಿನೀತ್ ಕೊಳಂಬೇಲ್ ಅವರ ಸನ್ನಿಧಾನಕ್ಕೆ, ಚಾಲಕ್ಕುಡಿ ಹೊಳೆಯ ದಂಡೆಯ ಪಾಲಕ್ಕಡವಿನಲ್ಲಿ ಶಾಮಿಯಾನ, ಕುರ್ಚಿ, ಮೈಕ್ ಸೆಟ್ಟು ಬಾಡಿಗೆಗೆ ಕೊಡುವ ಚಿರಮ್ಮಲ್ ಪೌಲೋಸ್ ಈ ಬಹಿರಂಗ ಪತ್ರದ ಮೂಲಕ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ನಾನೂ ಕ್ಷೇಮವೆಂದು ಬರೆಯಬಹುದಿತ್ತು. ಆದರೆ ತಮ್ಮ ಚಿತ್ರ ಬಿಡುಗಡೆಯಾದ ಮೇಲೆ ನನ್ನ ವಿಷಯವನ್ನು ನಾನೊಬ್ಬನೇ ಹೇಳಿದರೆ ಊರಲ್ಲಿ ಯಾರೂ ಒಪ್ಪುವುದಿಲ್ಲ. ಇಬ್ಬರು ಸಾಕ್ಷಿಗಳು ಬೇಕು, ಅವರಲ್ಲಿ ಒಬ್ಬರು ನನ್ನ ಹೆಂಡತಿಯಾಗಿರಬಾರದು.

ಮೊದಲು ಪ್ರಶಂಸೆ ಸಲ್ಲಿಸಿಬಿಡುತ್ತೇನೆ. ತಮ್ಮ ನಾಯಕಿ ಮೃದುಲಾ ಮದುವೆಯಾಗಿ ಗುಡ್ಡದ ಮೇಲಿನ ಮನೆಗೆ ಬರುತ್ತಾಳೆ, ಬಂದ ಸಂಜೆ ಕಿಟಕಿಗಳನ್ನು ಎಣಿಸುತ್ತಾಳೆ, ಎಂಟು ಇರುತ್ತವೆ. ಮರುದಿನ ಅವಳ ಗಂಡ, ಆ ಜೇನು ಸುರಿಯುವ ದನಿಯ ಡಾಕ್ಟರು, ಮನೆಗಿರುವುದು ಏಳೇ ಕಿಟಕಿ ಎನ್ನುತ್ತಾನೆ. ಅವಳು ವಾದಕ್ಕೆ ನಿಂತಾಗಲೆಲ್ಲ ತಲೆ ಸವರಿ ‘ನಿಂಗೆ ಸುಸ್ತಾಗಿದೆ ಚಿನ್ನ, ಸ್ವಲ್ಪ ಮಲ್ಕೋ’ ಎನ್ನುತ್ತಾನೆ. ಕೊನೆಗೆ ಅವಳು ಅಂಗಳಕ್ಕಿಳಿದು, ಮನೆಯತ್ತ ತಿರುಗಿ, ಬೆರಳೆತ್ತಿ ಒಂದೊಂದಾಗಿ ಎಣಿಸುತ್ತಾ ಏಳಕ್ಕೆ ಬರುವಷ್ಟರಲ್ಲಿ ಮಂಜು ಕವಿದು ಮನೆಯೇ ಮಾಯವಾಗುತ್ತದೆ, ಅದರ ಜಾಗದಲ್ಲಿ ತಮ್ಮ ಹೆಸರು ಬರುತ್ತದೆ. ಪಕ್ಕದವರು ಚಪ್ಪಾಳೆ ತಟ್ಟಿದರೆಂದು ನಾನೂ ತಟ್ಟಿದೆ. ಪಕ್ಕದವರನ್ನು ಆಮೇಲೆ ಕೇಳಿದರೆ, ನಾನು ತಟ್ಟಿದೆನೆಂದು ಅವರು ತಟ್ಟಿದರಂತೆ.

ಅಲ್ಲಿಂದ ಮುಂದೆ ಪಾಲಕ್ಕಡವು ಎರಡು ಹೋಳಾಯಿತು. ಕಳ್ಳಿನಂಗಡಿಯಲ್ಲಿ ಮರಗೆಣಸಿಗೆ ಮೀನುಸಾರು ಹಚ್ಚಿಕೊಂಡು ತಿನ್ನುವವರು ಏಳರ ಪಕ್ಷದವರಾದರೆ ಬಾಗಿಲ ಬಳಿಯ ಬೆಂಚು, ಎಂಟರವರಾದರೆ ಗೋಡೆ ಬದಿಯ ಬೆಂಚು. ನಮ್ಮ ಪಳ್ಳಿಯ, ಅಂದರೆ ಇಗರ್ಜಿಯ, ಪಾದ್ರಿ ಅಚ್ಚನ್ ಭಾನುವಾರದ ಪ್ರವಚನದಲ್ಲಿ ಕಿಟಕಿಗಿಂತ ಬಾಗಿಲು ಮುಖ್ಯವೆಂದು ಹೇಳಿ ಎರಡೂ ಪಕ್ಷದ ಕೋಪಕ್ಕೆ ಗುರಿಯಾದರು. ಇಷ್ಟಾದರೆ ನಾನು ಕಾಗದ ಬರೆಯುತ್ತಿರಲಿಲ್ಲ. ನಾವು ಯಾವುದಕ್ಕಾದರೂ ಎರಡು ಪಕ್ಷವಾಗುವವರೇ, ತಾವು ಒಂದು ಹೊಸ ಕಾರಣ ಕೊಟ್ಟಿರಿ ಅಷ್ಟೇ.

ಆದರೆ ಸ್ವಾಮಿ, ಆ ಡಾಕ್ಟರನ ಮಾತು! ಅದನ್ನು ಊರಿಗೆ ಊರೇ ಬಾಯಿಪಾಠ ಮಾಡಿತು. ಬಂಗುಡೆ ಕೇಳಿದವನ ಚೀಲಕ್ಕೆ ಬೂತಾಯಿ ಸುರಿದು ಮೀನಿನ ಕೊಚ್ಚಮ್ಮಿಣಿ, “ನೀವೇ ತಾನೇ ಬೂತಾಯಿ ಅಂದಿದ್ದು ಚೇಟ್ಟಾ? ಬಿಸಿಲಲ್ಲಿ ನಿಂತಿದ್ದೀರಿ, ಸುಸ್ತಾಗಿದೆ, ಹೋಗಿ ಮಲ್ಕೊಳ್ಳಿ” ಎಂದಳು. ಗಡ್ಡ ಹೆರೆಸಲು ಕೂತ ನನ್ನ ಮೀಸೆಯನ್ನೂ ಹೆರೆದ ಕ್ಷೌರಿಕ ಅದೇ ಮಾತು ಹೇಳಿ ಕನ್ನಡಿ ಒರೆಸಿದ. ನನ್ನ ಹೆಂಡತಿ ತ್ರೇಸ್ಯಾ, ಅವಳನ್ನು ವೇಳಾಂಕಣ್ಣಿ ಮಾತೆಯ ಯಾತ್ರೆಗೆ ಕರೆದುಕೊಂಡು ಹೋಗುತ್ತೇನೆಂದು ನಾನು ಮಾತು ಕೊಟ್ಟದ್ದನ್ನು ದಿನ, ವಾರ, ನಾನು ಉಟ್ಟಿದ್ದ ಮುಂಡಿನ ಅಂಚಿನ ಬಣ್ಣದ ಸಮೇತ ವರ್ಣಿಸಿದಳು. ಮಾತು ಕೊಟ್ಟದ್ದು ನನಗೆ ಈಗಲೂ ನೆನಪಿಲ್ಲ. ಹೋಗಿಬಂದದ್ದು ಮಾತ್ರ ಚೆನ್ನಾಗಿ ನೆನಪಿದೆ, ಮೊಣಕಾಲು ಇನ್ನೂ ನೋಯುತ್ತಿದೆ.

ನಾನು ಯಾರೆಂದು ತಮಗೆ ತಿಳಿಯದು. ಈ ಊರಿನಲ್ಲಿ ಯಾರ ಮದುವೆಗೆ ನನ್ನ ಯಾವ ಕುರ್ಚಿಯ ಕಾಲು ಮುರಿಯಿತು, ಅದರ ಮೇಲೆ ಕೂತಿದ್ದ ಮಾವಯ್ಯ ಯಾರು, ಅವರು ಬಿದ್ದಾಗ ಎಲೆಯ ಮೇಲೆ ಬಡಿಸಿದ್ದ ಪಾಯಸ ಯಾವುದು ಎಂಬುದನ್ನೆಲ್ಲ ನಾನು ನಿದ್ದೆಗಣ್ಣಿನಲ್ಲಿ ಹೇಳಬಲ್ಲೆ. ಅಂಥ ನನಗೆ ಸುಸ್ತಾಗಿದೆಯಂತೆ! ಮೀಸೆ ಹೋದದ್ದಕ್ಕಿಂತ ಈ ಮಾತು ಹೆಚ್ಚು ಉರಿಯಿತು.

ಇನ್ನು ನನ್ನ ಮುಖ್ಯ ಅಹವಾಲಿಗೆ ಬರುತ್ತೇನೆ. ನಮ್ಮ ವಾಚನಾಲಯದ ಜಗಲಿಯಲ್ಲಿ ದಿನಾ ಸಂಜೆ ನಾಲ್ವರು ಕೂತು ‘ಇಪ್ಪತ್ತೆಂಟು’ ಎಂಬ ಇಸ್ಪೀಟಾಟ ಆಡುತ್ತೇವೆ. ನಾನು ಮತ್ತು ನಿವೃತ್ತ ಶಾಲಾ ಮಾಸ್ತರರಾದ ದಿವಾಕರನ್ ಮಾಷ್ ಒಂದು ಜೋಡಿ; ಅಕ್ಕಿ ವ್ಯಾಪಾರದ ಮೊಯ್ದುಣ್ಣಿ ಇಕ್ಕ ಮತ್ತು ವಾಚನಾಲಯದ ಕಾರ್ಯದರ್ಶಿ ಸುಗುಣನ್ ಎದುರು ಜೋಡಿ. ನನಗೂ ಮಾಷಿಗೂ ಮೀಸೆ ಕಪ್ಪಾಗಿದ್ದ ಕಾಲದಿಂದ ಈ ಜೋಡಿ ಬದಲಾಗಿಲ್ಲ. ಇಷ್ಟು ಅಂಕ ಗೆಲ್ಲುತ್ತೇವೆಂದು ಎಲ್ಲರಿಗಿಂತ ಹೆಚ್ಚು ಕೂಗಿದವನು, ಉಳಿದ ಬಣ್ಣಗಳನ್ನೆಲ್ಲ ಕತ್ತರಿಸುವ ತುರುಪಿನ ಎಲೆಯನ್ನು ಕವುಚಿ ಇಡುತ್ತಾನೆ, ಯಾರಾದರೂ ಕೇಳಿದಾಗ ತೆರೆದು ತೋರಿಸಿ ಮತ್ತೆ ಕೈಗೆ ಸೇರಿಸಿಕೊಳ್ಳುತ್ತಾನೆ. ಆಮೇಲೆ ತುರುಪು ಯಾವುದೆಂಬುದು ನಾಲ್ಕು ತಲೆಗಳಲ್ಲಿ ಬಿಟ್ಟರೆ ಬೇರೆಲ್ಲೂ ಇರುವುದಿಲ್ಲ. ನೆಲಕಚ್ಚುವಂತೆ ಸೋತವರು ಹಲಸಿನ ಎಲೆ ಮಡಚಿ ಮಾಡಿದ ಕುಣುಕ್ಕು ಎಂಬ ಓಲೆಯನ್ನು ಕಿವಿಗೆ ನೇತುಹಾಕಿಕೊಂಡು, ಮತ್ತೆ ಗೆಲ್ಲುವವರೆಗೆ ಹಾಗೆಯೇ ಕೂರಬೇಕು. ರಸ್ತೆಯಲ್ಲಿ ಹೋಗುವ ಹೆಂಗಸರು ನಿಂತು ನೋಡಿ ನಗಬೇಕು, ಅದೂ ನಿಯಮವೇ.

ತಮ್ಮ ಚಿತ್ರ ನೋಡಿಬಂದ ವಾರದಲ್ಲಿ ನಾನು ಆಟೀನಿನ ತುರುಪು ಇಟ್ಟು ಕೂಗಿದೆ. ತುರುಪು ತೆರೆದದ್ದೂ ಆಯಿತು, ಎಲ್ಲರೂ ನೋಡಿದ್ದೂ ಆಯಿತು. ಮುಂದಿನ ಸುತ್ತಿನಲ್ಲಿ ಇಕ್ಕ ಇಸ್ಪೇಟು ಇಳಿಸಿದಾಗ ಮಾಷ್ ಗತ್ತಿನಿಂದ ಕಳಾವರ್ ಗುಲಾಮನನ್ನು ಅದರ ಮೇಲೆ ಬಡಿದು “ಕತ್ತರಿಸಿದೆ!” ಎಂದರು. ಆ ಕಳಾವರ್ ಯಾವುದನ್ನೂ ಕತ್ತರಿಸುವಂತಿರಲಿಲ್ಲ. ಈ ಆಟದಲ್ಲಿ ಗುಲಾಮನೇ ಎಲ್ಲಕ್ಕಿಂತ ದೊಡ್ಡ ಎಲೆ, ಅದನ್ನು ಎದುರಾಳಿಗೆ ತಟ್ಟೆಯಲ್ಲಿಟ್ಟು ಕೊಟ್ಟಂತಾಯಿತು.

“ಮಾಷೇ, ತುರುಪು ಆಟೀನು!” ಎಂದೆ.

“ಕಳಾವರ್ ಇಟ್ಟಿದ್ದು ನೀನೇ ತಾನೇ ಪೌಲೋಸೇ?” ಎಂದು ಮಾಷ್ ನನ್ನನ್ನು ಕನಿಕರದಿಂದ ನೋಡಿದರು. ನಾನು ಸಾಕ್ಷಿಗೆಂದು ಇಕ್ಕನ ಕಡೆ ತಿರುಗಿದೆ. ಇಕ್ಕ ಬೀಡಿ ಹಚ್ಚುತ್ತಾ, “ಇಟ್ಟಿದ್ದು ಆಟೀನೇ. ಆದ್ರೆ ಇಡುವಾಗ ನೀನು ಕಳಾವರ್ ಅಂತ ಗೊಣಗಿದೆ ಮಾರಾಯ, ನಂಗೂ ಕೇಳಿಸ್ತು. ಮಾಷಿನ ದಾರಿ ತಪ್ಪಿಸಿದ್ದು ನೀನೇ” ಎಂದ. ಸುಗುಣನ್ ತಲೆಯಾಡಿಸಿ, ತಮ್ಮ ಡಾಕ್ಟರನ ದನಿಯನ್ನೇ ತೆಗೆದು, “ಸುಸ್ತಾಗಿದೆ ಚೇಟ್ಟಾ ನಿಮಗೆ” ಎಂದ.

ತುರುಪು ಇಡುವಾಗ ಗೊಣಗುವುದೆಂದರೆ ಪಳ್ಳಿಯಲ್ಲಿ ಪೂಜೆ ನಡೆಯುವಾಗ ಬೀಡಿ ಹಚ್ಚಿದ ಹಾಗೆ. ಅಂಥ ಪಾಪ ನಾನು ಜನ್ಮದಲ್ಲಿ ಮಾಡಿದವನಲ್ಲ. ಆದರೂ ಕುಣುಕ್ಕು ನೇತುಹಾಕಿಕೊಂಡೆ. ಮರುದಿನವೂ ಇದೇ, ಅದರ ಮರುದಿನವೂ ಇದೇ. ಮಾಷ್ ಎಡವುವುದು, ನಾನು ಕೂಗಾಡುವುದು, ಇಕ್ಕ ಮತ್ತು ಸುಗುಣನ್ ತಪ್ಪು ನನ್ನದೇ ಎಂದು ತೀರ್ಪು ಕೊಡುವುದು. ನಮ್ಮ ಜಗಲಿಯ ಹಲಸಿನ ಮರದ ಕೆಳಗಿನ ಕೊಂಬೆಗಳು ಬೋಳಾದವು. ತಮ್ಮ ಮೃದುಲೆಗಾದರೂ ಗಂಡನೊಬ್ಬನೇ, ನನಗೆ ಮೂವರು.

ಕ್ರಮೇಣ ನನಗೇ ಅನುಮಾನ ಹತ್ತಿತು. ತ್ರೇಸ್ಯಾ ಮೂರು ಹೊತ್ತೂ ಒಂದೆಲಗದ ಚಟ್ನಿ ಅರೆದಳು. ವೈದ್ಯರು ಕೊಟ್ಟ ತೈಲ ನೆತ್ತಿಗೆ ಬಿದ್ದ ಮೇಲೆ ನೆನಪು ಬರಲಿಲ್ಲ, ನೊಣ ಬಂದವು. ಕನ್ನಡಿಯೆದುರು ನಿಂತು ‘ನಾನು ಪೌಲೋಸ್, ತುರುಪು ಆಟೀನು’ ಎಂದು ಹೇಳಿಕೊಳ್ಳುತ್ತಿದ್ದೆ. ಮೀಸೆಯಿಲ್ಲದ ಆ ಮುಖವೂ ನನ್ನ ಮಾತನ್ನು ನಂಬಿದಂತೆ ಕಾಣಲಿಲ್ಲ.

ಹೀಗಿರುವಾಗ ಓಣಂ ಬಂತು. ವಾಚನಾಲಯದ ಓಣಂ ಪಂದ್ಯಕ್ಕೆ ಸುತ್ತಲಿನ ಊರುಗಳ ಜೋಡಿಗಳೆಲ್ಲ ಬರುತ್ತವೆ, ಗೆದ್ದವರಿಗೆ ಒಂದು ನೇಂದ್ರ ಬಾಳೆಗೊನೆ. ಹೆಸರು ಬರೆಸುವ ಸಂಜೆ ಮಾಷ್ ಗಂಟಲು ಸರಿಮಾಡಿಕೊಂಡು, “ಈ ಸಲ ನಂಗೆ ಬೇರೆ ಜೋಡಿ ನೋಡ್ರಪ್ಪಾ. ಪೌಲೋಸ್ ಒಳ್ಳೆಯವನೇ, ಆದ್ರೆ ಅವನ ತಲೆ ಮೊದಲಿನ ಹಾಗಿಲ್ಲ. ಮೈಕ್ ನೋಡ್ಕೊಳ್ಳಲಿ” ಎಂದರು. ಇಕ್ಕನ ಬೀಡಿ ಬಾಯಲ್ಲೇ ಆರಿತು. ಸುಗುಣನ್ ಬರೆಯುವುದನ್ನು ನಿಲ್ಲಿಸಿದ. ನಾನು ಮನೆಗೆ ಬಂದು ಕುರ್ಚಿಗಳ ಗೋದಾಮಿನಲ್ಲಿ ಕೂತು ಅತ್ತೆ. ಮಾನ್ಯರೇ, ಇದನ್ನು ಬರೆಯಲು ನನಗೇನೂ ನಾಚಿಕೆಯಿಲ್ಲ. ಎದುರು ಕುರ್ಚಿಯಲ್ಲಿ ಆ ಮನುಷ್ಯನಿಲ್ಲದೆ ನಾನು ಒಂದು ಎಲೆಯನ್ನೂ ಹಿಡಿದವನಲ್ಲ.

ಆಗ ನನಗೆ ನೆರವಿಗೆ ಬಂದವರು ತಾವೇ. ತಮ್ಮ ಮೃದುಲಾ, ಬರದೇ ಇದ್ದ ನೆಂಟರೊಬ್ಬರು ಬಂದುಹೋದರೆಂದು ಸುಳ್ಳು ಹೇಳಿ ಗಂಡನನ್ನು ಪರೀಕ್ಷಿಸುತ್ತಾಳಲ್ಲ, ಅದೇ ಉಪಾಯ ಹೂಡಿದೆ. ಹರತಾಳದ ಮರುದಿನ ಒಬ್ಬೊಬ್ಬರನ್ನೇ ಬೇರೆಬೇರೆಯಾಗಿ ಹಿಡಿದು, “ನಿನ್ನೆ ಆಟದ ಮಧ್ಯೆ ಸುಗುಣನ್ ಬೆಂಚಿನಿಂದ ಬಿದ್ದನಲ್ಲ, ಹೇಗಿದ್ದಾನೆ?” ಎಂದು ಕೇಳಿದೆ. “ನಾನ್ಯಾವಾಗ ಬಿದ್ದೆ?” ಎಂದ ಸುಗುಣನ್. “ನಿನ್ನೆ ಹರತಾಳ ಕಣೋ, ವಾಚನಾಲಯದ ಬೀಗವೇ ತೆಗೆದಿಲ್ಲ, ನಿಜವಾಗ್ಲೂ ತಲೆ ಕೆಡ್ತಾ ನಿಂಗೆ?” ಎಂದ ಇಕ್ಕ. ಮಾಷ್ ಮಾತ್ರ ಒಂದು ಕ್ಷಣ ನನ್ನ ಮುಖವನ್ನೇ ನೋಡಿ, ನಕ್ಕು, “ಪಾಪ, ಸೊಂಟಕ್ಕೆ ಪೆಟ್ಟಾಯ್ತು. ಎಣ್ಣೆ ಹಚ್ಚಿದ್ವಲ್ಲ” ಎಂದರು.

ಕಳ್ಳ ಸಿಕ್ಕ ಸಂತೋಷ ನನಗಾಗಬೇಕಿತ್ತು. ಆದರೆ ಆ ನಗುವಿನಲ್ಲಿ ಕಳ್ಳತನ ಇರಲಿಲ್ಲ, ಹೆದರಿಕೆ ಇತ್ತು. ಪಾಠ ಓದದೇ ಬಂದು ಎಲ್ಲದಕ್ಕೂ ಹೌದು ಸಾರ್ ಎನ್ನುವ ಮಕ್ಕಳ ಹೆದರಿಕೆ.

ನೇರ ಇಕ್ಕನ ಅಂಗಡಿಗೆ ಹೋಗಿ ಅಕ್ಕಿಮೂಟೆಯ ಮೇಲೆ ಕೂತು, “ನಿಮಗೆ ಗೊತ್ತಿತ್ತಾ?” ಎಂದು ಕೇಳಿದೆ.

“ಮಳೆಗಾಲಕ್ಕೆ ಮೊದ್ಲಿಂದ ಗೊತ್ತು. ಒಂದಿನ ಮಾಷ್ ನನ್ನ ಅಂಗಡಿ ಮುಂದೆ ನಿಂತು, ಮೊಯ್ದುಣ್ಣಿ ಅಂಗಡಿ ಎಲ್ಲಿ ಅಂತ ನನ್ನೇ ಕೇಳಿದ್ರು.”

“ಮತ್ತೆ ನನ್ನ ಯಾಕೋ ಹುಚ್ಚ ಮಾಡಿದ್ರಿ?”

“ತಪ್ಪು ಅವರದು ಅಂದ್ರೆ ನಾಳೆಯಿಂದ ಮಾಷ್ ಬರಲ್ಲ, ಮನೇಲಿ ಮೂಲೆ ಹಿಡೀತಾರೆ. ನಿನ್ನದು ಅಂದ್ರೆ ನೀನು ಬೈಕೊಂಡಾದ್ರೂ ಬರ್ತೀಯ” ಎಂದು ಇಕ್ಕ ಬೀಡಿ ಕೊಟ್ಟ. “ನಿಂಗೆ ಹೇಳಿಬಿಡೋಣ ಅಂದ್ಕೊಂಡ್ವಿ. ಆದ್ರೆ ನಿನ್ನ ಮುಖದಲ್ಲಿ ಏನೂ ನಿಲ್ಲಲ್ಲ, ಇಪ್ಪತ್ತೆಂಟು ಆಡೋದ್ರಲ್ಲೇ ನೋಡಿದ್ದೀವಲ್ಲ.”

ಇದಕ್ಕಿಂತ ದೊಡ್ಡ ಬೈಗುಳವನ್ನೂ ಇದಕ್ಕಿಂತ ದೊಡ್ಡ ಹೊಗಳಿಕೆಯನ್ನೂ ನಾನು ಕೇಳಿಲ್ಲ. ಆ ಸಂಜೆ ಮಾಷಿನ ಮನೆಗೆ ಹೋದೆ. ತಮ್ಮ ಡಾಕ್ಟರನನ್ನು ಮನಸ್ಸಿನಲ್ಲೇ ನೆನೆದು, ದನಿಗೆ ಸಿಕ್ಕಷ್ಟು ಜೇನು ಬೆರೆಸಿಕೊಂಡು, “ಮಾಷೇ, ನಿನ್ನೆ ನೀವೇ ಅಂದ್ರಲ್ಲ, ಪೌಲೋಸ್ ಇಲ್ದೆ ಓಣಂ ಪಂದ್ಯಕ್ಕೆ ಕೂರಲ್ಲ ಅಂತ? ಹೆಸರು ಬರೆಸೋಣ್ವಾ?” ಎಂದೆ.

ಮಾಷ್ ಕೂತಲ್ಲಿಂದ ಎದ್ದರು. “ಅಂದೆ, ಅಲ್ವಾ?” ಎಂದರು.

“ಅಂದ್ರಿ” ಎಂದೆ.

“ಅನ್ನೋದೇ ಮತ್ತೆ. ನೀನಿಲ್ದೆ ಹೇಗೆ ಕೂರೋದು?” ಎಂದು ಅಂಗಿ ಹುಡುಕತೊಡಗಿದರು.

ಪಂದ್ಯದಲ್ಲಿ ಮೊದಲ ಸುತ್ತಿನಲ್ಲೇ ಸೋತೆವೆಂದು ತಿಳಿಸಲು ಹರ್ಷಿಸುತ್ತೇನೆ. ತುರುಪು ಆಟೀನೇ ಆಗಿತ್ತು, ಮಾಷ್ ಕಳಾವರ್ ಗುಲಾಮನನ್ನೇ ಬಡಿದರು, ಹೊರಗಿನ ಊರಿನವರು ಬಾಯಿ ತೆರೆಯುವ ಮೊದಲೇ ನಾನು, “ಅಯ್ಯೋ, ತಪ್ಪು ನಂದು, ಇಡುವಾಗ ಗೊಣಗಿಬಿಟ್ಟೆ” ಎಂದು ನನ್ನದೇ ಮೈಕಿನಲ್ಲಿ ಊರಿಗೆಲ್ಲ ಕೇಳುವಂತೆ ಒಪ್ಪಿಕೊಂಡೆ. ಮಾಷಿನ ಪಾಲಿನ ಕುಣುಕ್ಕನ್ನೂ ನಾನೇ ಹಾಕಿಕೊಂಡೆ. ಅವರು ನನ್ನ ತಲೆ ಸವರಿ, “ಸುಸ್ತಾಗಿದೆ ನಿಂಗೆ, ಸ್ವಲ್ಪ ಮಲ್ಕೋ” ಎಂದರು. ಹೌದು ಮಾಷೇ, ಎಂದೆ. ಓಣಂ ಊಟಕ್ಕೆ ಎಲ್ಲರೂ ಒಂದೇ ಸಾಲಿನಲ್ಲಿ ಕೂತೆವು.

ಆದ್ದರಿಂದ ಮಾನ್ಯರೇ, ನನ್ನ ಮೀಸೆಗೂ ವೇಳಾಂಕಣ್ಣಿಯ ಮೊಣಕಾಲಿಗೂ ನಾನು ಪರಿಹಾರ ಕೇಳುವುದಿಲ್ಲ. ಈ ಪತ್ರ ಬಹಿರಂಗವಾದದ್ದರಿಂದ ಮಾಷ್ ಓದಿಬಿಟ್ಟಾರೆಂದು ತಾವು ಚಿಂತಿಸಬೇಡಿ. ಅದನ್ನು ಅವರು ಆಗಲೇ ಓದಿ, ಪೌಲೋಸ್ ಯಾರೋ ಬೇರೆ ಮಾಷಿನ ಬಗ್ಗೆ ಬರೆದಿದ್ದಾನೆಂದು ನಕ್ಕಾಗಿದೆ ಎಂದು ಮಾಷಿಗೇ ಹೇಳಲು ಇಕ್ಕ ಸಿದ್ಧನಿದ್ದಾನೆ. ಇನ್ನು ಮುಂದೆ ಯಾರನ್ನಾದರೂ ಮರುಳು ಮಾಡುವ ಚಿತ್ರ ತೆಗೆಯುವುದಿದ್ದರೆ ಮೊದಲು ನಮ್ಮ ಜಗಲಿಗೆ ಬಂದು ನೋಡಿ ಹೋಗಬೇಕೆಂದು ವಿನಂತಿ. ತಮ್ಮ ಡಾಕ್ಟರು ಹೆಂಡತಿಗೆ ಹುಚ್ಚು ಹಿಡಿಸಲು ಅಷ್ಟು ಕಷ್ಟಪಟ್ಟ. ನಮ್ಮವರು ಚಹಾ ಆರುವುದರೊಳಗೆ ಮುಗಿಸುತ್ತಾರೆ.

ಕುಣುಕ್ಕು ಧರಿಸಿಯೇ ಸಹಿ ಮಾಡಿರುವ,
ತಮ್ಮ ವಿಶ್ವಾಸಿ,
ಚಿರಮ್ಮಲ್ ಪೌಲೋಸ್

ತಾ.ಕ.: ಬರುವ ತಿಂಗಳು ವಾಚನಾಲಯದ ಅಂಗಳದಲ್ಲಿ ತಮ್ಮ ಚಿತ್ರವನ್ನು ಮತ್ತೆ ತೋರಿಸುತ್ತಿದ್ದೇವೆ, ಕುರ್ಚಿಗಳು ನನ್ನವು. ನಾನು ಅದನ್ನು ಮತ್ತೊಮ್ಮೆ ನೋಡಿದೆ. ಮಂಜು ಕವಿಯುವ ಮುನ್ನ, ಅಡುಗೆಮನೆ ಬದಿಯ ಕರಿಬೇವಿನ ಗಿಡದ ಹಿಂದೆ ಎಂಟನೆಯ ಕಿಟಕಿಯ ಮೂಲೆ ಸ್ಪಷ್ಟವಾಗಿ ಕಾಣುತ್ತದೆ. ಆದರೆ ಮಾಷ್ ಏಳರ ಪಕ್ಷದ ನಾಯಕರು, ಮುಂದಿನ ಸಾಲಿನಲ್ಲೇ ಕೂರುತ್ತಾರೆ, ಈ ಒಂದು ವಿಷಯವನ್ನು ಅವರು ಇವತ್ತಿಗೂ ಮರೆತಿಲ್ಲ. ಆದಕಾರಣ ಅಷ್ಟರೊಳಗೆ ಆ ಒಂದು ಕಿಟಕಿಯನ್ನು ದಯವಿಟ್ಟು ಇಟ್ಟಿಗೆಯಿಟ್ಟು ಮುಚ್ಚಿಸಿಕೊಡಬೇಕು. ಆಗುವುದಿಲ್ಲ, ಮನೆಗಿರುವುದು ಎಂಟೇ ಎಂದು ತಾವು ಉತ್ತರ ಬರೆದರೆ, ನಾವು ನಾಲ್ವರೂ ಸೇರಿ ತಮಗೆ ಸುಸ್ತಾಗಿದೆ ಎಂದು ಹೇಳಬೇಕಾಗುತ್ತದೆ.